ಪಕ್ಕದ ಮನೆಯ ಬ್ಲಾಂಚ್

ನಿದ್ದೆ ಬಾರದ ರಾತ್ರಿ ಯೂಟ್ಯೂಬಿನಲ್ಲಿ ಹಳೇ ಅಮೆರಿಕನ್ ಹಾಸ್ಯ ಧಾರಾವಾಹಿ ನೋಡೋ ಚಟ ನನಗೆ. 'ಬರ್ನ್ಸ್ ಅಂಡ್ ಆಲನ್' ಹಾಕಿದರೆ ಎಲ್ಲರ ಕಣ್ಣೂ ಗ್ರೇಸಿ ಆಲನ್ ಮೇಲೆ. ನಾನು ಮಾತ್ರ ಪಕ್ಕದ ಮನೆ ಬ್ಲಾಂಚ್ ಯಾವಾಗ ಬರ್ತಾಳೆ ಅಂತ ಕಾಯ್ತಿರ್ತೀನಿ. ಆ ಪಾತ್ರ ಮಾಡಿದಾಕೆ ಬಿಯಾ ಬೆನಡೆರೆಟ್.

ಗ್ರೇಸಿಯ ಮಾತಿಗೆ ತಲೆಬುಡ ಇರಲ್ಲ. ಅದನ್ನು ಅರ್ಧ ನಂಬಿ, ಅರ್ಧ ಗಾಬರಿಬಿದ್ದು ಕೇಳಿಸಿಕೊಳ್ಳೋರು ಎದುರಿಗಿದ್ದರೇನೇ ನಗು ಹುಟ್ಟೋದು. 1950ರಿಂದ 58ರವರೆಗೆ ಟಿವಿಯಲ್ಲಿ ಬಿಯಾ ಮಾಡಿದ್ದು ಈ ಕೆಲಸ. ಅಷ್ಟರಲ್ಲಿ ಬ್ಲಾಂಚಳ ಗಂಡ ಹ್ಯಾರಿಯಾಗಿ ನಾಲ್ಕು ಜನ ನಟರು ಬಂದರು! 1953ರಲ್ಲಂತೂ ಹ್ಯಾರಿಯ ತಲೆಗೆ ಬಾರಿಸೋಕೆ ಬ್ಲಾಂಚ್ ಕ್ಯಾಟಲಾಗ್ ಹಿಡಿದು ಕಾಯ್ತಿರುವಾಗಲೇ ಗ್ರೇಸಿಯ ಗಂಡ ಜಾರ್ಜ್ ಬರ್ನ್ಸ್ ನಡುವೆ ಬಂದು, ಹಳೇ ನಟನನ್ನು ಬೀಳ್ಕೊಟ್ಟು, ಹೊಸಬ ಲ್ಯಾರಿ ಕೀಟಿಂಗ್‌ನನ್ನು ಪರಿಚಯ ಮಾಡಿಸಿಬಿಟ್ಟ. ಉಭಯಕುಶಲೋಪರಿ ಮುಗೀತು, ಕಥೆ ಮುಂದುವರೀತು, ಏಟು ಹೊಸ ಗಂಡನಿಗೆ ಬಿತ್ತು.

ಹೀಗೆ ಕೇಳಿಸಿಕೊಳ್ಳೋ ಪಳಗಿದ ಕಿವಿ ಬಂದಿದ್ದು ರೇಡಿಯೊದಿಂದ. ಜ್ಯಾಕ್ ಬೆನ್ನಿ ಕಾರ್ಯಕ್ರಮದಲ್ಲಿ ಟೆಲಿಫೋನ್ ಆಪರೇಟರ್ ಗರ್ಟ್ರೂಡ್ ಇವಳೇ, 'ಫಿಬರ್ ಮೆಗೀ'ಯಲ್ಲಿ ಬಿಂಕದ ಮಿಸೆಸ್ ಕಾರ್‌ಸ್ಟೇರ್ಸೂ ಇವಳೇ. ಲೂಸಿಲ್ ಬಾಲ್ ಜೊತೆ 'ಮೈ ಫೇವರಿಟ್ ಹಸ್ಬೆಂಡ್'ನಲ್ಲೂ ಇದ್ದಳು. ಹಾಗಾಗಿ 'ಐ ಲವ್ ಲೂಸಿ' ಟಿವಿಯಲ್ಲಿ ಶುರುವಾಗುವಾಗ ನಾಯಕಿಯ ಗೆಳತಿ ಎಥೆಲ್ ಪಾತ್ರಕ್ಕೆ ಲೂಸಿಲ್ ಬಾಲ್ ಮೊದಲು ಕೇಳಿದ್ದು ಬಿಯಾಳನ್ನೇ. ಬರ್ನ್ಸ್ ಜೊತೆಗಿನ ಕರಾರು ಅಡ್ಡ ಬಂತು, ಪಾತ್ರ ವಿವಿಯನ್ ವ್ಯಾನ್ಸ್ ಪಾಲಾಯಿತು. ಬಿಯಾ ಹೆಸರೆತ್ತಿದರೆ ಜನ ಮೊದಲು ಲೊಚಗುಟ್ಟೋದು ಇದಕ್ಕೇ. ನನಗೆ ಹಾಗೇನೂ ಅನ್ನಿಸಲ್ಲ. ಬ್ಲಾಂಚ್‌ಗೇನು ಕಮ್ಮಿಯಾಗಿತ್ತು?

ಹೊಟ್ಟೆ ಉರಿಯೋದು ಕಾರ್ಟೂನು ನೋಡುವಾಗ. ವಾರ್ನರ್ ಬ್ರದರ್ಸ್‌ನ ಆ ಹಳೇ ಕಾರ್ಟೂನುಗಳಲ್ಲಿ ಎಷ್ಟೊಂದು ಹೆಣ್ಣುದನಿಗಳು ಇವಳವು, ಟ್ವೀಟಿ ಹಕ್ಕಿಯ ಅಜ್ಜಿಯದೂ ಸೇರಿ. ಪರದೆ ಮೇಲೆ ಬರೋದು ಮಾತ್ರ ಜೊತೆಗೆ ದನಿ ಕೊಟ್ಟ ಮೆಲ್ ಬ್ಲಾಂಕ್ ಹೆಸರು, ಅವನ ಕರಾರು ಹಾಗಿತ್ತು. ಬ್ಲಾಂಕ್ ಮಹಾ ಕಲಾವಿದ, ಒಪ್ಪಿದೆ. ಆದರೂ ಇನ್ನೊಂದು ಸಾಲು ಹಾಕಿದ್ದರೆ ಪರದೆ ಹರಿದುಹೋಗ್ತಿತ್ತಾ?

1960ರಲ್ಲಿ 'ಫ್ಲಿಂಟ್‌ಸ್ಟೋನ್ಸ್' ಕಾರ್ಟೂನ್ ಧಾರಾವಾಹಿ ಬಂತು. ಬಿಯಾ ಅಲ್ಲಿ ಬೆಟ್ಟಿಯ ದನಿ. ಬೆಟ್ಟಿ ಯಾರು ಹೇಳಿ? ಮತ್ತೆ ಪಕ್ಕದ ಮನೆಯವಳೇ!

ಕಡೆಗೆ 1963ರಲ್ಲಿ, 57ನೇ ವಯಸ್ಸಿಗೆ, 'ಪೆಟಿಕೋಟ್ ಜಂಕ್ಷನ್' ಟಿವಿ ಧಾರಾವಾಹಿಯಲ್ಲಿ ಅವಳಿಗೇ ಅಂತ ಒಂದು ಮನೆ ಸಿಕ್ಕಿತು. ಮನೆ ಏನು, ಇಡೀ ಹೋಟೆಲ್ಲೇ. ಮೂರು ಹೆಣ್ಣುಮಕ್ಕಳ ವಿಧವೆ ತಾಯಿ ಕೇಟ್, ಮುಖ್ಯ ಪಾತ್ರ. ಅಷ್ಟರಲ್ಲಿ ಶ್ವಾಸಕೋಶದ ಕ್ಯಾನ್ಸರ್. 1968ರ ಅಕ್ಟೋಬರ್ 13ರಂದು ತೀರಿಕೊಂಡಳು.

ಅವಳ ಕಡೆಯ ಕಂತು ಪ್ರಸಾರವಾಗಿದ್ದು ಅದಾದ ಮೇಲೆ. ಅದರಲ್ಲಿ ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತಾಕೆ ಬೇರೆ ಯಾರೋ. ದನಿಯಷ್ಟೇ ಬಿಯಾಳದು, ರೇಡಿಯೊದಲ್ಲಿದ್ದ ಹಾಗೆ.