ಕಂಪ್ಯೂಟರಿಗೆ ಥಂಡಿ

ನಮ್ಮ ಮನೆಯಲ್ಲಿ ಮಳೆ ಲೆಕ್ಕ ಬರೆಯುವವರು ಇಬ್ಬರು. ಅಪ್ಪ ಡೈರಿಯಲ್ಲಿ, ನಾನು ಕಂಪ್ಯೂಟರಿನಲ್ಲಿ. ಹವಾಮಾನದವರು ಮಿಲಿಮೀಟರ್ ಅಂತ ಏನೇ ಹೇಳಲಿ, ಕೊಡಗಿನ ಕಾಫಿ ತೋಟದವರಿಗೆ ಮಳೆ ಅಂದರೆ ಇಂಚು ಮತ್ತು ಸೆಂಟು. ನೂರು ಸೆಂಟಿಗೆ ಒಂದು ಇಂಚು. ಬೆಳಿಗ್ಗೆ ಅಪ್ಪ ಅಂಗಳದಲ್ಲಿ ಕೊಡೆ ಹಿಡಿದು ಅಳೆಯುತ್ತಾರೆ, "ಎರಡು ನಲವತ್ತು!" ಅಂತ ಕೂಗುತ್ತಾರೆ. ನಾನು ಒಳಗಿಂದ ಎಕ್ಸೆಲ್‌ನಲ್ಲಿ ಹಾಕುತ್ತೇನೆ. ಅಪ್ಪನ ಡೈರಿಯಲ್ಲಿ ಪಕ್ಕಕ್ಕೊಂದು ಷರಾ ಇರುತ್ತದೆ. 'ಗದ್ದೆ ನಾಟಿ ಮುಗಿಯಿತು.' 'ಕೆಂಪು ದನ ಕರು ಹಾಕಿತು.' ನನ್ನ ಎಕ್ಸೆಲ್‌ನಲ್ಲಿ ಅಂಥದ್ದೆಲ್ಲ ಇಲ್ಲ. ಬರೀ ಅಂಕಿ, ಗ್ರಾಫು.

ಕಳೆದ ಜುಲೈಯಲ್ಲಿ ಆ ಗ್ರಾಫು ಛಾವಣಿ ಮುಟ್ಟಿತು. ಪ್ರಿಂಟು ತೆಗೆದು ಹೆಮ್ಮೆಯಿಂದ ಅಪ್ಪನಿಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

"2013ನೇ ಇಸವಿ ಜನವರಿ ಒಂದನೇ ತಾರೀಕು ಹದಿನೇಳು ಇಂಚು ಮಳೆ ಬಂದಿತ್ತಾ?"

"ಎಲ್ಲಿ?"

"ನಿನ್ನ ಕಂಪ್ಯೂಟರಿನಲ್ಲಿ. ನಮ್ಮ ಅಂಗಳದಲ್ಲಂತೂ ಅಲ್ಲ. ಜನವರಿಯಲ್ಲಿ ಹದಿನೇಳು ಇಂಚು ಬಂದಿದ್ರೆ ಕಣದಲ್ಲಿ ಹರಡಿದ ಕಾಫಿಯೆಲ್ಲ ಹೊಳೆಗೆ ಹೋಗ್ತಿತ್ತು. ಹಿಂದೆಯೇ ನಾವೂ."

ಆದದ್ದು ಇಷ್ಟು. ನಾನು ತಾರೀಕು ಟೈಪ್ ಮಾಡುವವನಲ್ಲ. ಕಂಟ್ರೋಲ್ ಒತ್ತಿ ಸೆಮಿಕೋಲನ್ ಒತ್ತಿದರೆ ಎಕ್ಸೆಲ್ ತಾನೇ ಇವತ್ತಿನ ತಾರೀಕು ಹಾಕುತ್ತದೆ. ಕಂಪ್ಯೂಟರಿಗೆ ಇವತ್ತು ಯಾವ ದಿನ ಅಂತ ಗೊತ್ತಿರಬೇಕು, ಅಷ್ಟೇ. ಅದು ಗೊತ್ತಿರುವುದು ಮದರ್‌ಬೋರ್ಡಿನ ಮೇಲೆ ಕೂತ ಒಂದು ನಾಣ್ಯದಂಥ ಸೆಲ್ಲಿನಿಂದ. ಸಿಆರ್2032, ಮೂರು ವೋಲ್ಟು. ನಮ್ಮದು ಯಾವಾಗಲೋ ಸತ್ತಿತ್ತು. ಕರೆಂಟು ಇರುವ ತನಕ ಗೊತ್ತಾಗಿರಲಿಲ್ಲ. ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕರೆಂಟು ಹೋಯಿತು, ಯುಪಿಎಸ್ಸೂ ಮಲಗಿತು, ಗಡಿಯಾರ ಹುಟ್ಟಿದ ದಿನಕ್ಕೆ ವಾಪಸ್ ಹೋಯಿತು. ಆಮೇಲೆ ಸಿಡಿಲಿಗೆ ಹೆದರಿ ದಿನಾ ರಾತ್ರಿ ಪ್ಲಗ್ ಕೀಳತೊಡಗಿದೆ. ಹಾಗಾಗಿ ದಿನಾ ಬೆಳಿಗ್ಗೆ ಅದಕ್ಕೆ 2013ರ ಜನವರಿ ಒಂದು. ಐದು ದಿನದ ಮಳೆ ಒಂದೇ ದಿನಕ್ಕೆ ಬಿತ್ತು. ನೆಟ್ ಇದ್ದಿದ್ದರೆ ತಾನೇ ಸರಿಮಾಡಿಕೊಳ್ಳುತ್ತಿತ್ತೋ ಏನೋ. ಆದರೆ ಆ ಮರ ನೆಟ್ ಲೈನನ್ನೂ ಬಿಟ್ಟಿರಲಿಲ್ಲ.

ಹೊಸ ಸೆಲ್ ತರಲು ಆ ಮಳೆಯಲ್ಲಿ ಪೇಟೆಗೆ ಹೋಗುವವರು ಯಾರು? ಹೆಂಡತಿ ತೂಕ ನೋಡುವ ಮೆಷಿನ್ನಿನ ತಳದಲ್ಲಿ ಅದೇ ಸೆಲ್ಲು ಇತ್ತು. ಕಿತ್ತು ಹಾಕಿದೆ. ಗಡಿಯಾರ ಸರಿಯಾಯಿತು. ಎರಡು ದಿನ ಮನೆಯಲ್ಲಿ ಮೌನ ಇತ್ತು. ಮೂರನೇ ದಿನ, "ಒಳ್ಳೇದೇ ಆಯ್ತು ಬಿಡಿ, ಮಳೆಗಾಲದಲ್ಲಿ ನಾನು ಅದನ್ನ ಹತ್ತೋದಿಲ್ಲ" ಅಂದಳು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಕ್ಯಾಬಿನೆಟ್ಟಿನ ಮುಚ್ಚಳ ಒಮ್ಮೆ ತೆರೆದ ಮೇಲೆ ಮನುಷ್ಯ ಸುಮ್ನೆ ಮುಚ್ಚುವುದಿಲ್ಲ. ಒಳಗೆ ಒಂದು ಹಲ್ಲಿಯ ಮೊಟ್ಟೆ, ಫ್ಯಾನಿನ ಮೇಲೆ ಕಂಬಳಿಯಷ್ಟು ಧೂಳು. ಬ್ರಷ್ಷಿನಿಂದ ಚೆನ್ನಾಗಿ ಗುಡಿಸಿದೆ. ಮರುದಿನ ಆನ್ ಮಾಡಿದರೆ ಪರದೆ ಕಪ್ಪು. ಕೂಗು ಮಾತ್ರ ಉದ್ದಕ್ಕೆ: ಬೀಪ್... ಬೀಪ್... ಬೀಪ್...

ಅವ್ವ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. "ಥಂಡಿ ಹಿಡಿದಿದೆ ಅದಕ್ಕೆ. ಒಲೆ ಹತ್ರ ಇಡು."

ಅವ್ವನ ಲೆಕ್ಕದಲ್ಲಿ ಮಳೆಗಾಲದ ಎಲ್ಲ ರೋಗಕ್ಕೂ ಒಲೆಯೇ ಔಷಧಿ. ಒದ್ದೆ ಬಟ್ಟೆ, ಒದ್ದೆ ಸೌದೆ, ಮೊಮ್ಮಗನ ಶೂ, ಒಮ್ಮೆ ಅಪ್ಪನ ಪಾಸ್‌ಬುಕ್ಕು, ಎಲ್ಲ ಆ ಒಲೆ ಮೇಲಿನ ಅಟ್ಟ ಕಂಡವೇ. ಆಟಿ ತಿಂಗಳ 18ಕ್ಕೆ ನಾವೆಲ್ಲ ಮದ್ದುಸೊಪ್ಪಿನ ಪಾಯಸ ಕುಡಿದು ಗಟ್ಟಿಯಾಗುತ್ತೇವೆ. ಕಂಪ್ಯೂಟರಿಗೆ ಆ ಸೌಲಭ್ಯವೂ ಇಲ್ಲ. ಆದರೂ ಎಲೆಕ್ಟ್ರಾನಿಕ್ ವಸ್ತುವನ್ನು ಒಲೆ ಹತ್ತಿರ ಇಡೋದಾ? ಓದಿದವನು ನಾನು. ನಕ್ಕುಬಿಟ್ಟೆ.

ಜೀಪಿಗೆ ಹಾಕಿಕೊಂಡು ಕುಶಾಲನಗರಕ್ಕೆ ಹೊರಟೆ. ನಮ್ಮದು ಮಡಿಕೇರಿಯಿಂದ ನಾಪೋಕ್ಲು ಕಡೆ. ಮಡಿಕೇರಿಯಲ್ಲಿ ಎದುರಿನ ವಾಹನ ಕಾಣದಷ್ಟು ಮಂಜು. ಘಾಟಿ ಇಳಿದು ಸುಂಟಿಕೊಪ್ಪ ದಾಟುವಾಗ ಮಳೆ ಸಣ್ಣಗಾಯಿತು. ಕುಶಾಲನಗರದಲ್ಲಿ ಬಿಸಿಲು! ಅಲ್ಲಿಯ ಜನ ನನ್ನ ರೈನ್‌ಕೋಟನ್ನು ವೇಷ ನೋಡಿದ ಹಾಗೆ ನೋಡಿದರು. ಅಂಗಡಿ ಹುಡುಗ ವೈರು ಸಿಕ್ಕಿಸಿ ಬಟನ್ ಒತ್ತಿದ. ಕಂಪ್ಯೂಟರ್ ಒಳ್ಳೆ ಮದುಮಗನ ಹಾಗೆ ಎದ್ದು ಕೂತಿತು.

"ಏನೂ ಆಗಿಲ್ವಲ್ಲ ಅಣ್ಣ?"

ವಾಪಸ್ ತಂದೆ. ಒತ್ತಿದೆ. ಬೀಪ್... ಬೀಪ್...

ಆ ದಿನದ ಡೈರಿಯಲ್ಲಿ ಅಪ್ಪ ಬರೆದರು: 'ಮಳೆ 3 ಇಂಚು 85 ಸೆಂಟು. ಕಂಪ್ಯೂಟರ್ ಕುಶಾಲನಗರಕ್ಕೆ ಹೋಗಿ ಬಂತು. ಗುಣ ಇಲ್ಲ.'

ಎರಡನೇ ಸಲ ಹೋದಾಗಲೂ ಅದೇ ನಾಟಕ. ಡಾಕ್ಟರ ಎದುರು ಕೂತ ಕೂಡಲೇ ನೋವು ಮಾಯವಾಗುವ ಹಾಗೆ. ಹುಡುಗ ನನ್ನನ್ನು ಒಂಥರಾ ನೋಡಿ, "ಇದಕ್ಕೆ ನಿಮ್ಮ ಊರು ಆಗೋದಿಲ್ಲ ಅಣ್ಣ, ಇಲ್ಲೇ ಮನೆ ಮಾಡಿ" ಅಂದ. ಮೂರನೇ ಸಲ ಮಾತ್ರ ಅವನಿಗೇ ಅಯ್ಯೋ ಅನಿಸಿರಬೇಕು. ಮುಚ್ಚಳ ತೆಗೆದು, ಕಂಪ್ಯೂಟರಿನ ನೆನಪಿನ ಪಟ್ಟಿಯಾದ ರ‍್ಯಾಮ್ ಕಿತ್ತ. ಡ್ರಾಯರಿನಿಂದ ಶಾಲೆ ಮಕ್ಕಳ ಬಿಳಿ ರಬ್ಬರ್ ತೆಗೆದು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಉಜ್ಜಿದ. ರಬ್ಬರ್ ಕಪ್ಪಾಯಿತು.

"ನೋಡಿ. ಥಂಡಿಗೆ ಹೀಗೆ ಪದರ ಕಟ್ತದೆ. ಕರೆಂಟು ಸರಿ ದಾಟೋದಿಲ್ಲ. ನೀವು ಬರುವಾಗ ರಸ್ತೆ ಗುಂಡಿಯಲ್ಲಿ ಕುಲುಕಿ ಒಂದು ಕೂದಲೆಳೆ ಸರೀತದೆ, ಇಲ್ಲಿ ಆನ್ ಆಗ್ತದೆ. ವಾಪಸ್ ಹೋಗುವಾಗ ಮತ್ತೆ ಸರೀತದೆ."

ಅಂದರೆ ನಾನು ಮೂರು ಸಲ, ಹೋಗಲು ಬರಲು ನೂರು ಕಿಲೋಮೀಟರ್ ಡೀಸೆಲ್ ಸುಟ್ಟು, ಗುಂಡಿಗಳ ಕೈಲಿ ರಿಪೇರಿ ಮಾಡಿಸಿದ್ದೆ. ಗುಂಡಿಗಳು ಕೂಲಿ ಕೇಳಲಿಲ್ಲ, ಅದೊಂದು ಉಪಕಾರ. ಥಂಡಿ ಅನ್ನುವ ಪದ ಅವನ ಬಾಯಲ್ಲಿ ಬಂದದ್ದನ್ನು ಮನೆಯಲ್ಲಿ ಹೇಳಲಿಲ್ಲ.

ಬರಿಗೈಯಲ್ಲಿ ಬರಲು ನಾಚಿಕೆ. ಹೇಗೂ ನಿಧಾನದ ಕಂಪ್ಯೂಟರು, ಸ್ವಲ್ಪ ಮೇಲಕ್ಕೆತ್ತೋಣ ಅಂತ ಪಕ್ಕದ ಬೀದಿಯಲ್ಲಿ ಎಂಟು ಜಿಬಿಯ ಇನ್ನೊಂದು ರ‍್ಯಾಮ್, ಹಳೇ ಡಿಸ್ಕಿನ ಜಾಗಕ್ಕೆ ವೇಗದ ಒಂದು ಎಸ್‌ಎಸ್‌ಡಿ ಕೊಂಡೆ. ಯಾವ ರ‍್ಯಾಮ್ ಅಂತ ಅಲ್ಲಿ ಕೇಳಿದರು. "ಒಳ್ಳೇದು ಕೊಡಿ" ಅಂದೆ. ಅಕ್ಕಿ ಅಂಗಡಿಯಲ್ಲಿ ನಡೆಯುವ ಮಾತು ಅದು.

ಮನೆಗೆ ಬಂದು ಕೂರಿಸಿದರೆ ಕೂರುವುದಿಲ್ಲ. ನಮ್ಮ ಬೋರ್ಡು 2013ರದ್ದು, ಅದಕ್ಕೆ ಬೇಕಾದದ್ದು ಡಿಡಿಆರ್3 ಎಂಬ ಹಳೇ ತಲೆಮಾರಿನದ್ದು, ಹಲ್ಲು 240. ತಂದದ್ದು ಅದರ ನಂತರದ ಡಿಡಿಆರ್4, ಹಲ್ಲು 288. ನಡುವಿನ ಕಚ್ಚು ಬೇರೆ ಜಾಗದಲ್ಲಿರುತ್ತದೆ, ನನ್ನಂಥವರು ಒತ್ತಿ ಕೂರಿಸಬಾರದು ಅಂತಲೇ. ಆದರೂ ಹೆಬ್ಬೆರಳು ನೋಯುವ ತನಕ ಒತ್ತಿದೆ. ತಿರುಗಿಸಿ ಒತ್ತಿದೆ. ಮಗ ಪಕ್ಕದಲ್ಲಿ ನಿಂತು, "ಪಪ್ಪಾ, ಕಚ್ಚು ಬೇರೆ ಕಡೆ ಇದೆ" ಅಂದ. "ನೀನು ಹೋಂವರ್ಕ್ ಮಾಡು" ಅಂದೆ. ಒಡೆಯದಿದ್ದರೂ, ಪ್ಯಾಕು ತೆರೆದ ಸಾಮಾನು ವಾಪಸ್ ಇಲ್ಲ ಅಂದರು ಅಂಗಡಿಯವರು. ಈಗದು ಕಾಳುಮೆಣಸಿನ ಬಿಲ್ಲುಗಳ ಡಬ್ಬಿಯಲ್ಲಿದೆ.

ಎಸ್‌ಎಸ್‌ಡಿ ಕೂತಿತು. ಹಳೇ ಡಿಸ್ಕನ್ನು ಅದಕ್ಕೆ ನಕಲು ಮಾಡಲು ರಾತ್ರಿ ಬಿಟ್ಟೆ. ಶೇಕಡಾ 80ಕ್ಕೆ ಬಂದಾಗ ಕರೆಂಟು ಹೋಯಿತು. ಮರುರಾತ್ರಿ ಮತ್ತೆ. ಆ ಎರಡು ರಾತ್ರಿ ನಿಜಕ್ಕೂ ನಿದ್ದೆ ಬರಲಿಲ್ಲ. ಆ ಡಿಸ್ಕಿನಲ್ಲಿ 2018ರ ಆಗಸ್ಟಿನ ಅಂಕಿಗಳಿವೆ, ಗುಡ್ಡ ಕುಸಿದ ಆ ವಾರದ್ದು. ಅಪ್ಪನ ಡೈರಿಯಲ್ಲೂ ಇವೆ. ಆದರೆ ಆ ಪುಟ ತೆಗೆಯಲು ನಾವು ಯಾರೂ ಅಪ್ಪನನ್ನು ಕೇಳುವುದಿಲ್ಲ.

ಮೂರನೇ ರಾತ್ರಿ ಕೆಲಸ ಮುಗಿಯಿತು. ಮೊದಲೆಲ್ಲ ಆನ್ ಮಾಡಿ, ಹೋಗಿ ಕೋಳಿಗೂಡು ತೆರೆದು, ಕಾಫಿ ಕುಡಿದು ಬರುವಷ್ಟು ಹೊತ್ತು ಬೇಕಿತ್ತು. ಈಗ ಕುರ್ಚಿ ಎಳೆಯುವಷ್ಟರಲ್ಲಿ ಎದ್ದಿರುತ್ತದೆ. ಕೋಳಿಗಳಿಗೆ ತೊಂದರೆ ಆಗಿದೆ.

ಜಾಗವನ್ನೂ ಬದಲಿಸಿದೆ. ಅಡುಗೆಮನೆ ಗೋಡೆಯ ಆಚೆ ಬದಿ, ಒಲೆಯ ಬಿಸಿ ತಟ್ಟುವ ಕಡೆ. "ಪ್ಲಗ್ ಪಾಯಿಂಟು ಅಲ್ಲಿ ಅನುಕೂಲ" ಅಂದೆ. ಅವ್ವ ಏನೂ ಹೇಳಲಿಲ್ಲ. ಒಂದು ಸೌದೆ ಜಾಸ್ತಿ ತಳ್ಳಿದರು.

ಮೊನ್ನೆ ಕುಶಾಲನಗರದ ಹುಡುಗನಿಗೆ ಫೋನ್ ಮಾಡಿದೆ. ವಿಂಡೋಸ್ 10ರ ಉಚಿತ ಬೆಂಬಲದ ಕಾಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ, 11 ಹಾಕೋಣ ಅಂದರೆ ಕಂಪ್ಯೂಟರ್ ಒಪ್ಪುತ್ತಿಲ್ಲ.

"ಇಷ್ಟು ಹಳೇದಕ್ಕೆ ಅದು ಬರೋದಿಲ್ಲ ಅಣ್ಣ. ಬೋರ್ಡು, ಪ್ರೊಸೆಸರ್ ಎರಡೂ ಬದಲಿಸಬೇಕು."

ನನ್ನ ಕಣ್ಣು ಮೆಣಸಿನ ಬಿಲ್ಲಿನ ಡಬ್ಬಿಯ ಕಡೆ ಹೋಯಿತು. "ಹಾಗಾದ್ರೆ ನನ್ನ ಹತ್ರ ಒಂದು ಡಿಡಿಆರ್4 ರ‍್ಯಾಮ್ ಇದೆ ಮಾರಾಯ, ಹೊಸದು!"

"ಅಯ್ಯೋ, ಈಗ ತಗೊಳ್ಳೋದಾದ್ರೆ ಡಿಡಿಆರ್5 ಬೋರ್ಡೇ ತಗೊಳ್ಳಿ ಅಣ್ಣ. ಅದಕ್ಕೆ ಇದು ಕೂರೋದಿಲ್ಲ."