ಆಶಪ್ಟನ್‌ನಲ್ಲಿ ನೋಡುವುದಕ್ಕೆ ಏನೂ ಇಲ್ಲ

ಹೋದ ಭಾನುವಾರ ಲೇಡಿಬವರ್ ಜಲಾಶಯದ ದಂಡೆಯಿಂದ ಮನೆಗೆ ಬಂದವಳಿಗೆ ಇನ್ನೂ ಮನಸ್ಸು ತಹಬಂದಿಗೆ ಬಂದಿಲ್ಲ. ನಾಲ್ಕು ದಿನ ಸುಮ್ಮನಿದ್ದು ನೋಡಿದೆ, ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಂಗ್ಲೆಂಡಿನ ಶೆಫೀಲ್ಡ್‌ನ ನಮ್ಮ ಮನೆಯಿಂದ ಪಶ್ಚಿಮಕ್ಕೆ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಮಳೆ ಕೈಕೊಟ್ಟ ವರ್ಷ ಆ ಜಲಾಶಯದ ನೀರು ಇಳಿದು, ಡರ್ವೆಂಟ್ ಎಂಬ ಮುಳುಗಿದ ಹಳ್ಳಿಯ ಗೋಡೆಬುಡಗಳೂ ಕಲ್ಲುರಾಶಿಗಳೂ ಕೆಸರಿನ ನಡುವೆ ಮೇಲೆ ಬರುತ್ತವೆ. 1976ರಲ್ಲಿ ಹೀಗಾಗಿತ್ತು, 1995ರಲ್ಲಿ ಆಗಿತ್ತು, 2018ರಲ್ಲಿ ಆದಾಗ ನಾನೇ ಕಣ್ಣಾರೆ ಕಂಡೆ. ಈ ಸಲವೂ ನೀರು ಇಳಿದಿದೆ ಎಂದು ಯಾರೋ ಹೇಳಿದ್ದೇ ತಡ, ಜನ ಜಾತ್ರೆಗೆ ಬಂದಂತೆ ಬಂದಿದ್ದರು.

ಜನ ಬಂದದ್ದಕ್ಕೆ ನನ್ನ ತಕರಾರಿಲ್ಲ. ಒಬ್ಬಾತ ಅಂಗೈ ಅಗಲದ, ಒಂದು ಕಡೆ ಉಳಿಯ ಗೆರೆ ಸ್ಪಷ್ಟವಾಗಿ ಉಳಿದಿದ್ದ ಕಲ್ಲೊಂದನ್ನು ಟವೆಲ್‌ನಲ್ಲಿ ಸುತ್ತಿ ಬೆನ್ನುಚೀಲಕ್ಕೆ ಇಳಿಸುತ್ತಿದ್ದ. ಪಕ್ಕದಲ್ಲಿ ಇನ್ನೊಬ್ಬರು ಹತ್ತು ಹನ್ನೆರಡು ಮಂದಿಯನ್ನು ನಿಲ್ಲಿಸಿಕೊಂಡು, ನಿಶ್ಶಬ್ದವಾದ ರಾತ್ರಿಯಲ್ಲಿ ಈ ನೀರಿನ ಅಡಿಯಿಂದ ಚರ್ಚಿನ ಗಂಟೆಯ ಸದ್ದು ಕೇಳಿಸುತ್ತದೆ ಎಂಬ ಕಥೆಯನ್ನು ದನಿ ತಗ್ಗಿಸಿ ಹೇಳುತ್ತಿದ್ದರು. ನಾನು ಸುಮ್ಮನಿರಬಹುದಿತ್ತು, ಇರಲಿಲ್ಲ. ಆ ಗಂಟೆ ನೀರಿನಲ್ಲಿಲ್ಲ, ಅದನ್ನು ಡರ್ಬಿ ನಗರದ ಚ್ಯಾಡಸ್‌ಡನ್‌ನಲ್ಲಿರುವ ಸಂತ ಫಿಲಿಪ್‌ರ ಚರ್ಚಿಗೆ ಕೊಟ್ಟಿದ್ದಾರೆ ಎಂದೆ. ನೀವು ನಡೆದುಬಂದ ದಾರಿಯ ಕೆಳಗೆ, ಆ ದೊಡ್ಡ ಸೇತುವೆಯ ಬುಡದಲ್ಲಿ, ಆಶಪ್ಟನ್ ಎಂಬ ಇನ್ನೊಂದು ಹಳ್ಳಿಯೂ ಇದೆ ಎಂದೂ ಹೇಳಿದೆ. ಗುಂಪಿನಲ್ಲಿದ್ದ ಒಬ್ಬ ಹೆಂಗಸು ಬಹಳ ಸಭ್ಯವಾಗಿಯೇ ಕೇಳಿದರು: "ಅಲ್ಲಿ ನೋಡುವುದಕ್ಕೆ ಏನಾದರೂ ಇದೆಯೇ?"

ಇಲ್ಲ ಎಂದೆ. ಅವರು ಫೋನ್ ಎತ್ತಿಕೊಂಡು ಡರ್ವೆಂಟ್‌ನ ಗೋಡೆಯ ಕಡೆಗೆ ತಿರುಗಿದರು.

ಆ ಒಂದು ಪ್ರಶ್ನೆ ನನ್ನನ್ನು ಕೊರೆಯುತ್ತಿದೆ. ಎರಡೂ ಊರುಗಳನ್ನು ಒಂದೇ ಅಣೆಕಟ್ಟು ಒಂದೇ ಕಾಲದಲ್ಲಿ ನುಂಗಿತು. ಡರ್ವೆಂಟ್‌ನ ಅವಶೇಷ ಬರಗಾಲಕ್ಕೊಮ್ಮೆ ತಲೆ ಎತ್ತುತ್ತದೆ, ಆದ್ದರಿಂದ ಅದಕ್ಕೆ ಫೋಟೋ ಉಂಟು, ದಂತಕಥೆ ಉಂಟು, ಭಾನುವಾರದ ಜನ ಉಂಟು. ಆಶಪ್ಟನ್ ಹೂಳಿನ ಅಡಿಯಲ್ಲಿದೆ, ಎಂಥ ಬರಗಾಲದಲ್ಲೂ ಅದು ಮೇಲೆ ಬರುವುದಿಲ್ಲ. ಕಣ್ಣಿಗೆ ಬೀಳದ ಊರು ಇತಿಹಾಸಕ್ಕೂ ಬೇಡವೇ?

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಶೆಫೀಲ್ಡ್, ಡರ್ಬಿ, ನಾಟಿಂಗ್‌ಹ್ಯಾಮ್, ಲೆಸ್ಟರ್ ನಗರಗಳಿಗೆ ನೀರು ಕೊಡಲೆಂದು 1899ರಲ್ಲಿ ಡರ್ವೆಂಟ್ ಕಣಿವೆಯ ಜಲಮಂಡಳಿ ಹುಟ್ಟಿತು. ಕಣಿವೆಯ ಮೇಲ್ಭಾಗದಲ್ಲಿ ಹೌಡನ್ ಮತ್ತು ಡರ್ವೆಂಟ್ ಎಂಬ ಎರಡು ಕಲ್ಲಿನ ಅಣೆಕಟ್ಟುಗಳು 1901ರಿಂದ 1916ರ ನಡುವೆ ಎದ್ದವು. ಅವುಗಳನ್ನು ಕಟ್ಟಿದ ಕೂಲಿಕಾರರಿಗಾಗಿ ಬರ್ಚಿನ್‌ಲೀ ಎಂಬಲ್ಲಿ ತಗಡಿನ ಮನೆಗಳ ಒಂದು ಊರನ್ನೇ ಎಬ್ಬಿಸಿದರು. ಶಾಲೆ, ಆಸ್ಪತ್ರೆ, ಅಂಗಡಿ ಎಲ್ಲವೂ ಇದ್ದ ಆ ಊರಿಗೆ ಜನ ತಗಡೂರು ಎಂಬ ಅರ್ಥದ ಹೆಸರಿಟ್ಟಿದ್ದರು. ಕೆಲಸ ಮುಗಿದ ಮೇಲೆ ತಗಡುಗಳನ್ನು ಬಿಚ್ಚಿಕೊಂಡು ಹೋದರು. ಆಮೇಲೂ ನಗರಗಳ ಬಾಯಾರಿಕೆ ತೀರಲಿಲ್ಲ. 1935ರಲ್ಲಿ ಮೂರನೆಯ ಅಣೆಕಟ್ಟು ಲೇಡಿಬವರ್‌ನ ಕೆಲಸ ಶುರುವಾಯಿತು, ಡರ್ವೆಂಟ್ ಮತ್ತು ಆಶಪ್ಟನ್ ಎರಡೂ ಅದರ ಪಾಲಾದವು.

ಊರು ಖಾಲಿ ಮಾಡಿಸಿದ ರೀತಿಯಲ್ಲಿ ಅಚ್ಚುಕಟ್ಟುತನವಿತ್ತು ಎಂಬುದನ್ನು ಒಪ್ಪುತ್ತೇನೆ. ಡರ್ವೆಂಟ್ ಚರ್ಚಿನ ಅಂಗಳದಲ್ಲಿ ಹೂತಿದ್ದವರನ್ನು ಹೊರತೆಗೆದು ಬ್ಯಾಮ್‌ಫರ್ಡ್‌ನಲ್ಲಿ ಮತ್ತೆ ಮಣ್ಣು ಮಾಡಿದರು. ಹಿಂದೆ ಹೊರೆ ಹೊತ್ತ ಕುದುರೆಗಳು ದಾಟುತ್ತಿದ್ದ ಹಳೆಯ ಕಲ್ಲುಸೇತುವೆಯನ್ನು ಕಲ್ಲುಕಲ್ಲಿಗೂ ಸಂಖ್ಯೆ ಬರೆದು ಬಿಚ್ಚಿಟ್ಟು, 1959ರಲ್ಲಿ ಕಣಿವೆಯ ತಲೆಯಲ್ಲಿರುವ ಸ್ಲಿಪರಿ ಸ್ಟೋನ್ಸ್ ಎಂಬಲ್ಲಿ ಮತ್ತೆ ಜೋಡಿಸಿದರು. ಮನೆ ಕಳೆದುಕೊಂಡವರಿಗಾಗಿ ಅಣೆಕಟ್ಟಿನ ಕೆಳಗೆ ಯಾರ್ಕ್‌ಶೈರ್ ಬ್ರಿಡ್ಜ್ ಎಂಬಲ್ಲಿ ಹೊಸ ಕಲ್ಲುಮನೆಗಳನ್ನು ಕಟ್ಟಿದರು. ಡರ್ವೆಂಟ್ ಚರ್ಚಿನಲ್ಲಿ ಕೊನೆಯ ಪ್ರಾರ್ಥನೆ ನಡೆದದ್ದು 1943ರ ಮಾರ್ಚ್‌ನಲ್ಲಿ. ಅದೇ ವಸಂತದಲ್ಲಿ, ಜರ್ಮನಿಯ ಅಣೆಕಟ್ಟುಗಳನ್ನು ಒಡೆಯಲು ಸಿದ್ಧವಾಗುತ್ತಿದ್ದ ವಾಯುಪಡೆಯ 617ನೇ ತುಕಡಿಯ ವಿಮಾನಗಳು ಈ ಕಣಿವೆಯಲ್ಲಿ ನೀರಿನ ಮೇಲೆ ತೀರ ತಗ್ಗಿ ಹಾರುವ ಅಭ್ಯಾಸ ಮಾಡುತ್ತಿದ್ದವು. ಆ ವಿಮಾನಗಳ ಕಥೆ ಇಲ್ಲಿನ ಮಕ್ಕಳಿಗೂ ಬಾಯಿಪಾಠ. 1945ರ ಸೆಪ್ಟೆಂಬರ್ 25ರಂದು ದೊರೆ ಆರನೆಯ ಜಾರ್ಜ್ ಬಂದು ಜಲಾಶಯವನ್ನು ಉದ್ಘಾಟಿಸಿದರು. ಚರ್ಚಿನ ಶಿಖರವನ್ನು ಮಾತ್ರ ನೆನಪಿಗೆಂದು ಬಿಟ್ಟಿದ್ದರು. ಅದು ನೀರಿನ ನಡುವೆ ಒಂಟಿಯಾಗಿ ನಿಂತಿತ್ತು. ಜನ ಅದನ್ನು ನೋಡಲು ನೀರಿಗಿಳಿಯುತ್ತಾರೆ, ಅಪಾಯ ಎಂದು 1947ರ ಡಿಸೆಂಬರ್‌ನಲ್ಲಿ ಸಿಡಿಮದ್ದಿಟ್ಟು ಅದನ್ನೂ ಉರುಳಿಸಿದರು.

ಗಮನಿಸಿ, ಇಷ್ಟು ಹೇಳುವಾಗ ನಾನೂ ಡರ್ವೆಂಟ್‌ನ ಕಥೆಯನ್ನೇ ಹೇಳುತ್ತಿದ್ದೇನೆ. ಸೇತುವೆ, ಗಂಟೆ, ಶಿಖರ ಎಲ್ಲವೂ ಅಲ್ಲಿಯವು. ಆಶಪ್ಟನ್‌ನಲ್ಲಿ ಒಂದು ಛತ್ರವಿತ್ತು, ಮೆಥಡಿಸ್ಟರ ಒಂದು ಚಿಕ್ಕ ಪ್ರಾರ್ಥನಾಮಂದಿರವಿತ್ತು, ಅಂಚೆ ಕಚೇರಿಯಿತ್ತು, ಶೆಫೀಲ್ಡ್‌ನಿಂದ ಗ್ಲಾಸಪ್ ಕಡೆಗೆ ಹೋಗುವ ರಸ್ತೆ ಊರಿನ ನಡುವೆಯೇ ಹಾದಿತ್ತು. ನೀರು ಏರುವ ಮೊದಲೇ ಎಲ್ಲವನ್ನೂ ಕೆಡವಿದರು. ಈಗ ಅದರ ಮೇಲಿರುವ ಸೇತುವೆಗೆ ಆ ಊರಿನ ಹೆಸರೇ ಇದೆ, ದಿನಾಲೂ ಸಾವಿರಾರು ವಾಹನಗಳು ಅದರ ಮೇಲೆ ಓಡುತ್ತವೆ, ಓಡಿಸುವವರಲ್ಲಿ ಎಷ್ಟು ಮಂದಿಗೆ ಅದು ಒಂದು ಊರಿನ ಹೆಸರು ಎಂಬುದು ಹೊಳೆದೀತು?

ನಮ್ಮ ಬೀದಿಯ ಅಜ್ಜಿಯ ವಿಷಯ ನಿಮಗೆ ಹಿಂದೆಯೂ ಬರೆದಿದ್ದೇನೆ. ತೊಂಬತ್ತರ ಹತ್ತಿರವಿರುವ ಅವರು ಆಶಪ್ಟನ್‌ನಲ್ಲಿ ಹುಟ್ಟಿದವರು, ಮಗುವಾಗಿದ್ದಾಗಲೇ ಯಾರ್ಕ್‌ಶೈರ್ ಬ್ರಿಡ್ಜ್‌ನ ಹೊಸ ಮನೆಗೆ ಬಂದವರು, ಮದುವೆಯಾದ ಮೇಲೆ ಶೆಫೀಲ್ಡ್ ಸೇರಿದವರು. ಮನೆ ಬಿಟ್ಟ ದಿನ ಅವರಮ್ಮ ಹಿತ್ತಲಿನ ರೂಬಾರ್ಬ್ ಎಂಬ ಹುಳಿದಂಟಿನ ಗಿಡದ ಬುಡವನ್ನು ಗುದ್ದಲಿಯಿಂದ ಎಬ್ಬಿಸಿ, ಮಣ್ಣಿನ ಸಮೇತ ಬಕೆಟ್ಟಿನಲ್ಲಿ ಹೊತ್ತು ತಂದರಂತೆ. ಮನೆ ಬದಲಾದಾಗಲೆಲ್ಲ ಅದನ್ನು ಸೀಳಿ ಒಂದು ಪಾಲು ಒಯ್ದಿದ್ದಾರೆ. ಮೂರು ವರ್ಷದ ಹಿಂದೆ ಅದರ ಒಂದು ತುಂಡನ್ನು ನನಗೂ ಕೊಟ್ಟರು. ಫೆಬ್ರವರಿಯ ಕೊನೆಗೆ, ಬೇರೆ ಯಾವ ಗಿಡವೂ ಕಣ್ಣು ಬಿಡದ ಹೊತ್ತಿನಲ್ಲಿ, ಗೊಬ್ಬರದ ಪದರವನ್ನು ಎತ್ತಿಕೊಂಡು ಅದರ ಕೆಂಪು ಮೊಗ್ಗುಗಳು ಮುಷ್ಟಿ ಬಿಗಿದಂತೆ ಬರುತ್ತವೆ. ಎಲೆ ಇನ್ನೂ ಬಿಚ್ಚಿರುವುದಿಲ್ಲ, ಮಡಿಕೆಮಡಿಕೆಯಾಗಿ ಒಳಗೇ ಇರುತ್ತದೆ. ಆಶಪ್ಟನ್‌ನಲ್ಲಿ ನೋಡುವುದಕ್ಕೆ ಏನಿದೆ ಎಂದು ಕೇಳಿದ ಆ ಹೆಂಗಸಿಗೆ ಇದನ್ನು ತೋರಿಸಬೇಕಿತ್ತು ಎಂದು ಮನೆಗೆ ಬಂದ ಮೇಲೆ ಅನ್ನಿಸಿತು.

ನನಗೇಕೆ ಇಷ್ಟು ಸಂಕಟ ಎಂದು ಸ್ನೇಹಿತರು ಕೇಳಲಾರರು, ನಿಮಗೆ ಗೊತ್ತಿದೆ. ನನ್ನ ಅಮ್ಮನ ತವರು ಕರೂರು ಸೀಮೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ, ತೋಟ, ಗದ್ದೆ ಎಲ್ಲವೂ ಶರಾವತಿಯ ಹಿನ್ನೀರಿಗೆ ಹೋಯಿತು. ನಮ್ಮಲ್ಲಿ ಅಂಥವರಿಗೆ "ಮುಳುಗಡೆಯವರು" ಎಂಬ ಒಂದೇ ಹೆಸರು. ಅಮ್ಮಮ್ಮ ಬದುಕಿರುವವರೆಗೂ ಹೊಳೆದಂಡೆಯ ಒಂದು ಅಪ್ಪೆಮಿಡಿ ಮರದ ಸುದ್ದಿ ಹೇಳುತ್ತಿದ್ದಳು. ಆ ಮಿಡಿಯ ಸೊನೆಯ ಪರಿಮಳ ಬೇರೆ ಯಾವ ಮರದಲ್ಲೂ ಇಲ್ಲವೆಂದು ಪ್ರತಿವರ್ಷ ಉಪ್ಪಿನಕಾಯಿ ಹಾಕುವಾಗ ನಿಟ್ಟುಸಿರು ಬಿಡುತ್ತಿದ್ದಳು. ರೂಬಾರ್ಬ್ ಆದರೆ ಬಕೆಟ್ಟಿನಲ್ಲಿ ಬರುತ್ತದೆ, ಅಷ್ಟು ದೊಡ್ಡ ಮಾವಿನ ಮರವನ್ನು ಲಾರಿಯಲ್ಲಿ ತರುವುದು ಹೇಗೆ? ಅವಳು ಒಂದೊಂದು ಮನೆಯವರ ಹೆಸರನ್ನೂ ಹೇಳುತ್ತಿದ್ದಳು. ನಾನು ಬರೆದಿಟ್ಟುಕೊಳ್ಳಲಿಲ್ಲ. ಅವಳು ಹೋಗಿ ಹದಿನಾಲ್ಕು ವರ್ಷವಾಯಿತು, ಈಗ ನನಗೆ ಎರಡು ಹೆಸರು ಮಾತ್ರ ನೆನಪಿವೆ.

ಇನ್ನೊಂದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. 2018ರಲ್ಲಿ ನೀರು ಇಳಿದಾಗ ಡರ್ವೆಂಟ್‌ನಿಂದ ನಾನೂ ಒಂದು ಕಲ್ಲು ತಂದಿದ್ದೆ. ಕಲ್ಲು ಒಯ್ಯಬೇಡಿ ಎಂಬ ಕೋರಿಕೆ ಆಗಲೇ ಇತ್ತು, ಗೊತ್ತಿದ್ದೇ ತಂದೆ. ಮುಳುಗಡೆಯ ಮನೆಯವಳಾದ ನನಗೆ ಆ ಹಕ್ಕು ಇದೆ ಎಂದು ಹೇಗೋ ಅಂದುಕೊಂಡಿದ್ದೆ. ಬೀದಿಯ ಅಜ್ಜಿಯ ಪರಿಚಯ ಆಗಷ್ಟೇ ಆಗಿತ್ತು. ಕಿಟಕಿಯ ಹಲಗೆಯ ಮೇಲಿಟ್ಟಿದ್ದ ಕಲ್ಲನ್ನು ಅವರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಅದನ್ನು ಮುಟ್ಟಲಿಲ್ಲ. "ಯಾರ ಮನೆಯದು?" ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ಮರುದಿನವೇ ಹೋಗಿ ಅದನ್ನು ಅಲ್ಲೇ ಇಟ್ಟು ಬಂದೆ, ಆದರೆ ಎತ್ತಿದ ಜಾಗ ಇದೇ ಹೌದೋ ಅಲ್ಲವೋ ಎಂಬುದು ಆ ಕೆಸರಿನಲ್ಲಿ ತಿಳಿಯಲಿಲ್ಲ. ಈ ಭಾನುವಾರ ಬೆನ್ನುಚೀಲದವನನ್ನು ಕಂಡಾಗ ನನಗೆ ಬಂದ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲಿನದೇ ಆಗಿತ್ತು.

ಗೆಳೆಯರೊಬ್ಬರಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವರು ಎರಡು ಮಾತು ಹೇಳಿದರು. ಮೊದಲನೆಯದು, ಆ ನೀರನ್ನು ನೀನೂ ಕುಡಿಯುತ್ತೀಯಲ್ಲ ಎಂಬುದು. ಕುಡಿಯುತ್ತೇನೆ, ಅಣೆಕಟ್ಟು ಬೇಡವಾಗಿತ್ತು ಎಂದು ಎಲ್ಲಿಯೂ ಹೇಳಿಲ್ಲ. ಒಂದು ಊರಿನ ನೀರು ಕುಡಿಯುವವರಿಗೆ ಆ ಊರಿನ ಹೆಸರಾದರೂ ಗೊತ್ತಿರಬೇಕು ಎಂಬುದಷ್ಟೇ ನನ್ನ ಮಾತು. ಎರಡನೆಯದು, ಜನ ಕುತೂಹಲದಿಂದಲಾದರೂ ಬರುವುದರಿಂದಲೇ ಆ ಊರು ನೆನಪಿನಲ್ಲಿ ಉಳಿದಿದೆ ಎಂಬುದು. ಇದನ್ನು ನಾನು ಒಪ್ಪುವುದಿಲ್ಲ. ಅವರು ನೆನಪಿಟ್ಟುಕೊಂಡಿರುವುದು ಇಲ್ಲದ ಗಂಟೆಯ ಸದ್ದನ್ನು. ಚ್ಯಾಡಸ್‌ಡನ್‌ನಲ್ಲಿರುವ ನಿಜವಾದ ಗಂಟೆಯನ್ನು ಕೇಳಲು ಎಷ್ಟು ಮಂದಿ ಹೋಗುತ್ತಾರೆ?

ಲೇಕ್ ಡಿಸ್ಟ್ರಿಕ್ಟ್‌ನ ಮಾರ್ಡೇಲ್‌ನಲ್ಲೂ ಇದೇ ಕಥೆ. ಮ್ಯಾಂಚೆಸ್ಟರ್ ನಗರಕ್ಕೆ ನೀರು ಕೊಡಲು ಹಾಸ್‌ವಾಟರ್ ಸರೋವರಕ್ಕೆ ಅಣೆಕಟ್ಟು ಕಟ್ಟಿ ಆ ಊರನ್ನು ಮುಳುಗಿಸಿದರು. 97 ಮಂದಿಯ ಅಸ್ಥಿಗಳನ್ನು ಅಗೆದು ಶ್ಯಾಪ್ ಎಂಬ ಊರಿಗೆ ಒಯ್ದು ಹೂತರು. 1935ರ ಆಗಸ್ಟ್‌ನಲ್ಲಿ ಕೊನೆಯ ಪ್ರಾರ್ಥನೆಯ ದಿನ ಆ ಪುಟ್ಟ ಚರ್ಚಿನಲ್ಲಿ ಹಿಡಿಸಲಾರದಷ್ಟು ಜನ ಬಂದು, ನೂರಾರು ಮಂದಿ ಹೊರಗೆ ನಿಂತು ಧ್ವನಿವರ್ಧಕದಲ್ಲಿ ಕೇಳಬೇಕಾಯಿತು. ಅಲ್ಲಿಯೂ ನೀರು ಇಳಿದಾಗ ಬೇಲಿಗೋಡೆಗಳನ್ನೂ ಸಣ್ಣ ಸೇತುವೆಯನ್ನೂ ನೋಡಲು ಜನ ಹೋಗುತ್ತಾರೆ. ನಾನೂ ಹೋಗಿದ್ದೇನೆ, ಶ್ಯಾಪ್‌ಗೆ ಮಾತ್ರ ಹೋಗಿಲ್ಲ. ಈ ಬೇಸಿಗೆಯಲ್ಲಿ ಹೋಗಬೇಕು.

ಹೋದ ಚಳಿಗಾಲದಿಂದ ಪ್ರತಿ ಬುಧವಾರ ಸಂಜೆ ನಾನು ಅಜ್ಜಿಯ ಮನೆಗೆ ಒಂದು ನೋಟ್‌ಬುಕ್ ಹಿಡಿದು ಹೋಗುತ್ತಿದ್ದೇನೆ. ಛತ್ರದಿಂದ ಶುರುಮಾಡಿ, ರಸ್ತೆಯ ಎಡಕ್ಕೆ ಒಂದೊಂದೇ ಮನೆ: ಯಾರಿದ್ದರು, ಏನು ಕೆಲಸ ಮಾಡುತ್ತಿದ್ದರು, ಯಾರ ನಾಯಿ ಕಚ್ಚುತ್ತಿತ್ತು, ಯಾರ ಮನೆಯ ಹಿಂದೆ ತೊರೆಯ ಸದ್ದು ಜೋರಾಗಿ ಕೇಳುತ್ತಿತ್ತು. ಅವರು ಕಣ್ಣು ಮುಚ್ಚಿಕೊಂಡು ನಡೆಯುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ನಿನ್ನೆ ಆರನೆಯ ಮನೆಯ ಬಾಗಿಲಲ್ಲಿ ನಿಂತುಬಿಟ್ಟರು. ಕೆಂಪು ಕೈಗಳ, ಸದಾ ಏಪ್ರನ್ ತೊಟ್ಟಿರುತ್ತಿದ್ದ, ಮಕ್ಕಳಿಗೆ ಬ್ರೆಡ್ಡಿನ ತುದಿಗೆ ಜ್ಯಾಮ್ ಸವರಿ ಕೊಡುತ್ತಿದ್ದ ಆ ಹೆಂಗಸಿನ ಹೆಸರು ಬರಲೇ ಇಲ್ಲ. ಹತ್ತು ನಿಮಿಷ ಕಾದೆವು. ಆ ಸಾಲನ್ನು ಖಾಲಿ ಬಿಟ್ಟು ಮನೆಗೆ ಬಂದೆ.

ಇಂದು ಬೆಳಿಗ್ಗೆ ಏಳು ಗಂಟೆಗೆ ಫೋನ್ ಬಂತು. ನಮಸ್ಕಾರವಿಲ್ಲ, ಪೀಠಿಕೆಯಿಲ್ಲ, ಅಜ್ಜಿ ಆ ಹೆಸರನ್ನು ಎರಡು ಸಲ ಹೇಳಿ, "ಬರೆದುಕೊಂಡೆಯಾ?" ಎಂದರು. ಬರೆದುಕೊಂಡೆ ಎಂದೆ. ಫೋನ್ ಇಟ್ಟರು.