ಕ್ಯಾರವಾನ್‌ನ ಮೂಲೆ ಕಾಲುಗಳು ಜಾಕ್ ಅಲ್ಲ: ಸ್ಪಷ್ಟನೆ

ಬ್ರಿಟನ್‌ನಲ್ಲಿ ಕ್ಯಾರವಾನ್ (ಕಾರಿನ ಹಿಂದೆ ಎಳೆದೊಯ್ಯುವ ಮನೆಗಾಡಿ) ಇಟ್ಟುಕೊಂಡಿರುವ ನಮ್ಮವರ ನಡುವೆ ಒಂದು ಸಂದೇಶ ಓಡಾಡುತ್ತಿದೆ: ‘ನೆಲ ಓರೆಯಿದ್ದರೆ ತಗ್ಗಿನ ಕಡೆಯ ಕಾರ್ನರ್ ಸ್ಟೆಡಿ (ಮೂಲೆಯಲ್ಲಿ ಇಳಿಸುವ ಕಾಲು) ತಿರುಗಿಸಿ ಗಾಡಿ ಎತ್ತಿ.’ ಇದು ತಪ್ಪು. ಸ್ಟೆಡಿಗಳು ಇರುವುದು ಗಾಡಿ ಅಲುಗಾಡದಂತೆ ಹಿಡಿಯಲು ಮಾತ್ರ. ಭಾರ ಹೊರಬೇಕಾದ್ದು ಚಕ್ರ ಮತ್ತು ಆಕ್ಸಲ್. ಮೂಲೆ ಹಿಡಿದು ಎತ್ತಿದರೆ ಚಾಸಿ (ಗಾಡಿಯ ಅಡಿಯ ಚೌಕಟ್ಟು) ತಿರುಚಿಕೊಳ್ಳಬಹುದು, ಬಾಗಿಲು ಸರಿಯಾಗಿ ಮುಚ್ಚದೆ ಹಿಡಿದುಕೊಳ್ಳಬಹುದು. ತಯಾರಕರ ಕೈಪಿಡಿಗಳೂ ಸ್ಟೆಡಿಯನ್ನು ಜಾಕ್‌ನಂತೆ ಬಳಸಬೇಡಿ ಎನ್ನುತ್ತವೆ.

ಗಾಡಿ ಮಟ್ಟ ಮಾಡುವ ಸರಿಯಾದ ಕ್ರಮ ಹೀಗೆ: ಮೊದಲು ತಗ್ಗಿನ ಕಡೆಯ ಚಕ್ರವನ್ನು ರ‍್ಯಾಂಪ್ ಮೇಲೆ ಹತ್ತಿಸಿ. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಅಡೆ ಕೊಡಿ. ಕಾರಿನಿಂದ ಬಿಡಿಸಿದ ಮೇಲೆ ಜಾಕಿ ವೀಲ್ (ಗಾಡಿಯ ಮುಂತುದಿಯ ಪುಟ್ಟ ಚಕ್ರ) ಮೇಲೆ ಕೆಳಗೆ ತಿರುಗಿಸಿ ಹಿಂದುಮುಂದಿನ ಮಟ್ಟ ನೋಡಿ. ಸ್ಟೆಡಿ ಇಳಿಸುವುದು ಕೊನೆಗೆ, ನೆಲಕ್ಕೆ ಬಿಗಿಯಾಗಿ ತಾಕುವಷ್ಟು ಸಾಕು. ಹುಲ್ಲುನೆಲ ಮೆತ್ತಗಿದ್ದರೆ ಕೆಳಗೆ ಹಲಗೆ ತುಂಡು ಇಡಿ. ಮಕ್ಕಳು ಮಲಗುವ ಗಾಡಿ ಅಲ್ವಾ? ಆ ಸಂದೇಶವನ್ನು ದಯವಿಟ್ಟು ಯಾರಿಗೂ ಕಳಿಸಬೇಡಿ.